ಮೈಕಮ್ಮ ಕೊಟ್ಟ ಎಚ್ಚರಿಕೆ

ಗಡಿಯ ಗೇಟಿನಲ್ಲಿ ಹೆಸರು ಕೂಗುವ ಕೆಲಸಕ್ಕೆ ಸೇರಿದ ಮೇಲೆ ಅವಳ ಸ್ವಂತ ಹೆಸರನ್ನು ಜನ ಮರೆತೇಬಿಟ್ಟರು. ಬೇಲಿಯ ಈಚೆಯವರಿಗೂ ಅವಳು ಮೈಕಮ್ಮ, ಆಚೆಯವರಿಗೂ ಮೈಕಮ್ಮ. ಮದುವೆಯಾಗಿ ಬಂದ ಮನೆಯಲ್ಲಿ ಮಾವನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ. ಅವನಿಗೆ ಸಿಟ್ಟು ಬರದ ದಿನವೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಕೆಲಸವೇನೋ ಸರಳ. ಆಚೆ ಕಡೆಯ ಜನ ಕೂಲಿಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಈಚೆ ಬರಬೇಕಾದರೆ ಪಾಸು ಬೇಕು. ಪಾಸು ಸಿಕ್ಕವರ ಹೆಸರನ್ನು ಬೆಳಿಗ್ಗೆ ಗಾಜಿನ ಗೂಡಿನಲ್ಲಿ ಕೂತು ಮೈಕಮ್ಮ ಕೂಗಬೇಕು. ಮೊದಲು ಮೈಕಿನ ತಲೆಗೆ ಬೆರಳಲ್ಲಿ ಟಕ್ ಟಕ್ ಎಂದು ಎರಡು ಸಲ ಬಡಿಯುವಳು. "ಎಲ್ಲರೂ ಕೇಳಿಸಿಕೊಳ್ಳಿ" ಅನ್ನುವಳು. ಆಮೇಲೆ ಹೆಸರು ಶುರು.

ಆದರೆ ಕಂಬದ ಮೇಲಿನ ಧ್ವನಿವರ್ಧಕದ ತುತ್ತೂರಿ ಯಾವುದೋ ಕಾಲದ ಗಾಳಿಮಳೆಗೆ ಸಿಕ್ಕಿ ಸೊಟ್ಟಗಾಗಿತ್ತು. ಬೇಲಿಗೆ ಮೂಗು ತಾಗಿಸಿ ನಿಂತವರಿಗೆ ಹೆಸರು ಕೇಳಿಸೀತು. ಹಿಂದೆ ನಿಂತವರಿಗೆ ಗಂಟಲು ಕಟ್ಟಿದ ಕಾಗೆ ಕೂಗಿದ ಹಾಗೆ ಬರೀ ಗರಗರ. ಹಾಗಾಗಿ ಟಕ್ ಟಕ್ ಸದ್ದಾದ ಕೂಡಲೇ ನೆಲದ ಮೇಲೆ ಕೂತಿದ್ದವರೆಲ್ಲ ಎದ್ದು, ಮಾತು ನಿಲ್ಲಿಸಿ, ಕಿವಿಗೆ ಕೈಯಿಟ್ಟುಕೊಂಡು ಬೇಲಿಯ ಹತ್ತಿರ ಬಂದುಬಿಡುವರು. ಬರದಿದ್ದರೆ ಆವತ್ತಿನ ಸರದಿ ಹೋಯಿತೆಂದೇ ಲೆಕ್ಕ. ತುತ್ತೂರಿ ಬದಲಾಯಿಸಿ ಎಂದು ಮೈಕಮ್ಮ ಉಗ್ರಾಣದವನ ಹತ್ತಿರ ಕೇಳಿ ಕೇಳಿ ಸಾಕಾಗಿ ಹೋಗಿದ್ದಳು. "ಕೂಗ್ತಾ ಇದೆಯಲ್ಲಮ್ಮ, ಇನ್ನೇನು ಹಾಡ್ಬೇಕಾ?" ಎಂದು ಅವನು ಹಲ್ಲು ಕಿಸಿಯುತ್ತಿದ್ದ. ಕೊನೆಗೆ ಅವಳೂ ಕೇಳುವುದನ್ನು ಬಿಟ್ಟಳು.

ಆಚೆ ಕಡೆಯ ಊರಿನಲ್ಲಿ ಅವಳ ದೊಡ್ಡಮ್ಮ ಇದ್ದಳು, ಅವ್ವನ ಒಡಹುಟ್ಟಿದ ಅಕ್ಕ. ಅವ್ವ ಬೇಗ ಹೋದಾಗ ಮೈಕಮ್ಮನನ್ನೂ ಅವಳ ತಮ್ಮನನ್ನೂ ಸೊಂಟದ ಮೇಲೆ ಹೊತ್ತು ಸಾಕಿದವಳು. ಆಗ ಬೇಲಿ ಇರಲಿಲ್ಲ, ಬರೀ ಒಂದು ಕಲ್ಲಿನ ಗುರುತು ಇತ್ತು. ದೊಡ್ಡಮ್ಮನಿಗೆ ಈಗ ಕಿವಿ ಮಂದ. ಕಣ್ಣಿನ ಔಷಧಿಗೆ ಬರುವ ದಿನ ಎಲ್ಲರನ್ನೂ ಮೊಣಕೈಯಲ್ಲಿ ತಿವಿದುಕೊಂಡು ಮುಂದಕ್ಕೆ ಬಂದು, ಬೇಲಿಯ ತಂತಿಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದಳು. ಅವಳ ಹೆಸರು ಬಂದಾಗ ಮೈಕಮ್ಮ ಎರಡು ಸಲ ಕೂಗುವಳು. ನೌಕರಿಯಲ್ಲಿ ಅವಳು ಮಾಡಿದ ಪಕ್ಷಪಾತ ಅದೊಂದೇ.

ಒಂದು ದಿನ ದೊಡ್ಡವರು ದೊಡ್ಡವರು ಜಗಳವಾಡಿಕೊಂಡು ಗೇಟು ಮುಚ್ಚಿಸಿದರು. ಯಾಕೆ ಮುಚ್ಚಿತು ಎಂದು ಗೇಟಿನಲ್ಲಿ ದುಡಿಯುವ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಾರ ಕಳೆಯಿತು, ತಿಂಗಳಾಯಿತು. ಕೂಲಿ ನಿಂತವರು, ಔಷಧಿ ಮುಗಿದವರು, ಈಚೆ ಹೆಂಡತಿ ಆಚೆ ಗಂಡ ಅಂತಾದವರು ಬೇಲಿಯ ಮುಂದೆ ಬಂದು ಕೂರತೊಡಗಿದರು. ಮೊದಲು ಬೇಡಿಕೊಂಡರು, ಆಮೇಲೆ ಕೂಗಿದರು. ಆಮೇಲೆ ಕೆಲವು ಬಿಸಿರಕ್ತದವರು ಕಲ್ಲು ಎತ್ತಿಕೊಂಡರು. ಅದರಲ್ಲೊಂದು ಬಂದು ಮೈಕಮ್ಮನ ತಮ್ಮನ ಹುಬ್ಬಿಗೆ ಬಡಿಯಿತು. ಅವನು ಗೇಟಿನ ಕಾವಲು ಪಡೆಯಲ್ಲಿದ್ದ, ಬಂದೂಕು ಹಿಡಿದು ನಿಲ್ಲುವವನು.

ಆವತ್ತು ಸಂಜೆ ಅಕ್ಕನ ಮನೆಗೆ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದ. ಲಾರಿ ಓಡಿಸುವ ಭಾವ ಊರಲ್ಲಿರಲಿಲ್ಲ. ಟಿವಿ ಮುಂದೆ ಮಾವ ಇದ್ದ. ಟಿವಿಯಲ್ಲಿ ನಾಲ್ಕು ಜನ ಕೋಟು ಹಾಕಿಕೊಂಡು, ಗುಂಡು ಹೊಡೆಯಬೇಕೋ ಬೇಡವೋ ಎಂದು ಒಬ್ಬರ ಬಾಯಿಗೊಬ್ಬರು ಬೀಳುತ್ತಿದ್ದರು. ಅವರಲ್ಲಿ ಯಾರೊಬ್ಬರೂ ಗೇಟಿನ ಮುಖ ನೋಡಿದವರಲ್ಲ.

"ಒಂದೆರಡು ಹೆಣ ಬೀಳ್ಲಿ," ಅಂದ ಮಾವ. "ಆಮೇಲೆ ನೋಡು, ಬೇಲಿ ಹತ್ರ ಒಂದು ನೊಣಾನೂ ಸುಳಿಯಲ್ಲ."

"ಯಾರ ಹೆಣ, ಮಾವ?"

"ಯಾರದ್ದೋ. ಅವರದ್ದು."

"ಅವರು ಅಂದ್ರೆ ನಮ್ಮ ದೊಡ್ಡಮ್ಮಾನೂ ಸೇರಿದ್ಲು."

"ನಿಮ್ಮ ದೊಡ್ಡಮ್ಮನಿಗೆ ಅಲ್ಲೇನು ಕೆಲಸ? ಈ ವಯಸ್ಸಲ್ಲಿ ಮನೇಲಿ ಬಿದ್ದಿರೋಕೆ ಏನು ರೋಗ?"

ಮೈಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಚಹಾದ ಲೋಟವನ್ನು ಅವನ ಮುಂದೆ ಕುಕ್ಕಿದಳು. "ರೋಗ ಇರೋದಕ್ಕೇ ಬರ್ತಾಳೆ, ಮಾವ. ಔಷಧಿ ಈ ಕಡೆ ಇದೆ, ಕಣ್ಣು ಆ ಕಡೆ ಇದೆ. ಏನು ಮಾಡ್ಬೇಕು ಅವಳು?"

ಅವಳ ತಮ್ಮ ನಡುವೆ ಬಾಯಿ ಹಾಕಿದ. "ಅಕ್ಕಾ, ನೀನು ಗಾಜಿನ ಒಳಗೆ ಕೂತಿರ್ತೀಯ. ಹೊರಗೆ ನಿಂತೋರು ನಾವು. ಈ ಕಲ್ಲು ಎರಡು ಬೆರಳು ಕೆಳಗೆ ಬಿದ್ದಿದ್ರೆ ನನ್ನ ಕಣ್ಣೇ ಹೋಗ್ತಿತ್ತು. ಆಗ ನನಗೆ ಯಾರು ಔಷಧಿ ಕೊಡ್ತಿದ್ರು?"

"ಅದಕ್ಕೆ ಗುಂಡು ಹೊಡೀತೀಯಾ?"

"ಹೊಡಿ ಅಂದ್ರೆ ಹೊಡೀಬೇಕು. ಬೇಡ ಅಂದ್ರೆ ಬಿಡ್ಬೇಕು. ನನ್ನ ಕೈಯಲ್ಲಿ ಏನಿದೆ?"

"ಬಂದೂಕು ಇದೆಯಲ್ಲೋ ನಿನ್ನ ಕೈಯಲ್ಲಿ!"

ಮಾವ ಟಿವಿಯ ಸದ್ದು ಜೋರು ಮಾಡಿದ. ಕೋಟಿನವರ ಕಿರುಚಾಟ ಅಡುಗೆಮನೆಯವರೆಗೂ ಬಂತು.

ಎರಡು ದಿನ ಬಿಟ್ಟು ಕಮಾಂಡರ್ ಸಾಹೇಬರ ಕೋಣೆಯಲ್ಲಿ ಅದೇ ವಾದ ನಡೆಯಿತು, ಸ್ವಲ್ಪ ಒಳ್ಳೆಯ ಕುರ್ಚಿಗಳ ಮೇಲೆ ಕೂತು. ಮೇಲಿನ ಕಚೇರಿಯಿಂದ ಒಬ್ಬ ಕಾನೂನು ಸಲಹೆಗಾರ ಬಂದಿದ್ದ. ಇಸ್ತ್ರಿಯ ಮಡಿಕೆ ಮುರಿಯದ ಅಂಗಿ, ಮಾತೂ ಹಾಗೆಯೇ. ಗೇಟಿನ ಧ್ವನಿವರ್ಧಕದ ಬಗ್ಗೆ ಕೇಳಬೇಕಿತ್ತಂತೆ, ಅದಕ್ಕೆ ಮೈಕಮ್ಮನನ್ನೂ ಕರೆಸಿದ್ದರು. ಕೂತುಕೋ ಎಂದು ಯಾರೂ ಹೇಳದ್ದರಿಂದ ಬಾಗಿಲ ಹತ್ತಿರ ನಿಂತಿದ್ದಳು.

"ಪ್ರಾಣಹಾನಿಯಾಗಬಹುದಾದ ಪ್ರಮಾಣದ ಬಲಪ್ರಯೋಗಕ್ಕೆ ಸಂಬಂಧಿಸಿದಂತೆ," ಎಂದು ಶುರುಮಾಡಿದ ಸಲಹೆಗಾರ.

"ಗುಂಡು ಹೊಡೆಯೋದು ಅನ್ನಿ ಸಾರ್," ಅಂದರು ಕಮಾಂಡರ್. "ಹೆಸರು ಉದ್ದ ಮಾಡಿದ್ರೆ ಸಾಯೋರು ಕಮ್ಮಿ ಆಗಲ್ಲ."

ಆ ಮನುಷ್ಯ ಕೆಟ್ಟವನೇನಲ್ಲ. ಸರಿಯಾಗಿ ನಿದ್ದೆ ಮಾಡದೆ ಕಣ್ಣು ಕೆಂಪಗಾಗಿತ್ತು. "ಗೇಟು ಮುರಿದು ಒಳಗೆ ನುಗ್ಗಿದ್ರೆ ನನ್ನ ಹುಡುಗರನ್ನ ಯಾರು ಕಾಯ್ತಾರೆ? ನಿಮ್ಮ ಕಾನೂನು ಪುಸ್ತಕಾನಾ?"

"ಕಾಲಿಗೆ ಹೊಡೆಯಬಹುದಲ್ಲ?" ಅಂದ ಸಲಹೆಗಾರ.

"ಓಡೋ ಜನರ ಕಾಲಿಗೆ ಗುರಿ ಇಡೋಕೆ ನನ್ನ ಹುಡುಗರೇನು ಸರ್ಕಸ್ಸಿನವರಾ? ಬಂದೂಕು ಎತ್ತಿದ ಮೇಲೆ ಎಲ್ಲಿಗೆ ಬೀಳುತ್ತೋ ಅಲ್ಲಿಗೆ. ಅದಕ್ಕೇ ಕೇಳ್ತಾ ಇರೋದು, ಹೊಡೀಬೇಕೋ ಬೇಡ್ವೋ, ಬಾಯಿಬಿಟ್ಟು ಹೇಳಿ. ಆಮೇಲೆ ನನ್ನ ತಲೆಗೆ ಕಟ್ಟಬೇಡಿ."

ಸಲಹೆಗಾರ ಬಾಯಿಬಿಟ್ಟು ಹೇಳುವ ಜಾತಿಯವನಲ್ಲ. ಹೊಡೆಯಿರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎಚ್ಚರಿಕೆ ಕೊಡದೆ ಹೊಡೆದರೆ ತಪ್ಪು, ಕೊಟ್ಟು ಹೊಡೆದರೆ ಪರಿಸ್ಥಿತಿಗೆ ತಕ್ಕಂತೆ ಸಮರ್ಥಿಸಿಕೊಳ್ಳಬಹುದು ಎಂದ. ಸಾಯುವವರ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಎಚ್ಚರಿಕೆಯದ್ದೇ ಮಾತು.

ಮೈಕಮ್ಮನಿಗೆ ತಡೆದುಕೊಳ್ಳಲು ಆಗಲಿಲ್ಲ. "ಸಾರ್, ಗುಂಡು ಬೇಡ. ಆ ಜನ ನನಗೆ ಗೊತ್ತು. ದಿನಾ ನನ್ನ ದನಿ ಕೇಳಿದೋರು. ನಾನು ಹೇಳಿದ್ರೆ ಕೇಳ್ತಾರೆ."

ಇಬ್ಬರೂ ತಿರುಗಿ ನೋಡಿದರು. "ಗಲಾಟೆ ನಡುವೆ ಹೇಗಮ್ಮ ಕೇಳ್ತಾರೆ?" ಅಂದರು ಕಮಾಂಡರ್.

"ಎಷ್ಟೇ ಗಲಾಟೆ ಇರ್ಲಿ ಸಾರ್, ನಾನು ಮೈಕ್ ತಟ್ಟಿದ್ರೆ ಸಾಕು, ಸೂಜಿ ಬಿದ್ರೂ ಕೇಳಿಸೋ ಹಾಗೆ ಸುಮ್ಮನಾಗಿಬಿಡ್ತಾರೆ."

"ಯಂತ್ರ ಸರಿಯಿದೆಯಾ?" ಎಂದು ಕೇಳಿದ ಸಲಹೆಗಾರ.

"ಕೂಗುತ್ತೆ ಸಾರ್," ಅಂದಳು, ಉಗ್ರಾಣದವನ ಮಾತನ್ನೇ.

ಸುಮ್ಮನಾಗಿಬಿಡುತ್ತಾರೆ ಎಂದದ್ದು ನಿಜ. ಸುಮ್ಮನಾಗಿ ಏನು ಮಾಡುತ್ತಾರೆ ಅನ್ನುವುದು ಅವಳ ನಾಲಿಗೆಗೆ ಬರಲಿಲ್ಲ. ವರ್ಷಗಟ್ಟಲೆ ಗಾಜಿನ ಒಳಗಿಂದ ನೋಡಿ ನೋಡಿ, ಜನ ಎದ್ದು ಬೇಲಿಗೆ ಬರುವುದು ಅವಳ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಅಲ್ಲೇ ತೀರ್ಮಾನವಾಯಿತು. ಬೇಲಿಯಿಂದ ಆಚೆಗೆ, ಕಲ್ಲೆಸೆದರೆ ತಲುಪದಷ್ಟು ದೂರದಲ್ಲಿ, ಒಂದು ಸುಣ್ಣದ ಗೆರೆ. ಜನ ಅದರ ಆಚೆಗೇ ಇರಬೇಕು. ಮೈಕಮ್ಮ ಎಚ್ಚರಿಕೆ ಕೊಟ್ಟ ಮೇಲೂ ಗೆರೆ ದಾಟಿ ಮುಂದೆ ಬಂದರೆ ಮಾತ್ರ ಬಂದೂಕು. ಸಲಹೆಗಾರ ಅಲ್ಲೇ ಕೂತು ಎಚ್ಚರಿಕೆಯ ಮಾತು ಬರೆದುಕೊಟ್ಟ. ಕೋಣೆಯಿಂದ ಹೊರಬರುವಾಗ ಮೈಕಮ್ಮನ ಎದೆ ಉಬ್ಬಿತ್ತು. ಕೋಟಿನವರಿಗೆ ಆಗದ್ದನ್ನು ತಾನು ಮಾಡಿಬಂದೆ, ಗುಂಡಿಗೂ ಜನಕ್ಕೂ ನಡುವೆ ತನ್ನ ದನಿಯನ್ನು ತಂದು ನಿಲ್ಲಿಸಿದೆ ಎಂದುಕೊಂಡಳು. ತಮ್ಮನಿಗೂ ಹೇಳಿದಳು. "ಇನ್ನು ನೀನು ಬಂದೂಕು ಎತ್ತೋ ಪ್ರಮೇಯಾನೇ ಬರಲ್ಲ ನೋಡು."

ಮಾರನೆಯ ಬೆಳಿಗ್ಗೆ ಗೆರೆ ಎಳೆದರು. ಜನ ಬಂದರು, ಗೆರೆ ನೋಡಿದರು, ಇದೆಂಥ ಆಟ ಎಂದು ನಕ್ಕರು. ಹಾಗಿದ್ದೂ ಅದರ ಆಚೆಗೇ ಕೂತರು. ಹೊತ್ತೇರಿದ ಹಾಗೆ ಜನ ಹೆಚ್ಚಿತು, ಕೂಗು ಹೆಚ್ಚಿತು. ಒಂದೆರಡು ಕಲ್ಲು ಹಾರಿ, ಬೇಲಿ ಮುಟ್ಟದೆ ನಡುವೆಯೇ ಬಿದ್ದವು. ಕಾವಲಿನವರು ಸಾಲಾಗಿ ನಿಂತರು. ಗಾಜಿನ ಗೂಡಿನ ಬಾಗಿಲಿಗೆ ಕಮಾಂಡರ್ ಬಂದು, "ಓದಮ್ಮ" ಅಂದರು.

ಮೈಕಮ್ಮ ಟಕ್ ಟಕ್ ಎಂದು ತಟ್ಟಿದಳು. ಎಂದಿನ ಹಾಗೆ "ಎಲ್ಲರೂ ಕೇಳಿಸಿಕೊಳ್ಳಿ" ಅಂದಳು. ಆಮೇಲೆ ಓದಿದಳು. "ಸಮಸ್ತ ಸಾರ್ವಜನಿಕರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗುರುತಿಸಲ್ಪಟ್ಟ ರೇಖೆಯನ್ನು ಉಲ್ಲಂಘಿಸುವ ಯಾವುದೇ ವ್ಯಕ್ತಿಯ ವಿರುದ್ಧ..."

ಕೂಗು ಥಟ್ಟನೆ ನಿಂತಿತು. ಅವಳು ಹೇಳಿದ ಹಾಗೆಯೇ ಸೂಜಿ ಬಿದ್ದರೂ ಕೇಳಿಸುವಷ್ಟು. ಸಾವಿರ ಮುಖಗಳಲ್ಲಿ ಒಂದು ಆಸೆ ಹೊತ್ತಿಕೊಂಡಿತು. ತಿಂಗಳ ಮೇಲೆ ಮೈಕಮ್ಮ ಮೈಕ್ ತಟ್ಟಿದ್ದಾಳೆ. ಗೇಟು ತೆಗೆಯುತ್ತಾರೆ, ಹೆಸರು ಕೂಗುತ್ತಿದ್ದಾಳೆ! ಎದ್ದರು. ಮಕ್ಕಳನ್ನು ಎತ್ತಿಕೊಂಡರು. ಕಿವಿಗೆ ಕೈಯಿಟ್ಟುಕೊಂಡು, ಶ್ ಶ್ ಎಂದು ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತ, ಸುಣ್ಣದ ಗೆರೆಯನ್ನು ತುಳಿದು ಅಳಿಸುತ್ತ ಮುಂದೆ ಬಂದರು. ಎಲ್ಲರನ್ನೂ ಮೊಣಕೈಯಲ್ಲಿ ತಿವಿದುಕೊಂಡು ಮುಂದಿನ ಸಾಲಿಗೆ ಬಂದವಳು ದೊಡ್ಡಮ್ಮ.

ಆಗ ಮೈಕಮ್ಮನಿಗೆ ಕಣ್ಣು ತೆರೆಯಿತು. ಕೈಯಲ್ಲಿದ್ದ ಹಾಳೆ ಬಿಸಾಕಿ, "ಬರಬೇಡಿ! ಹಿಂದೆ ಹೋಗಿ! ದೊಡ್ಡಮ್ಮಾ, ಹಿಂದೆ ಹೋಗೇ!" ಎಂದು ಮೈಕಿನಲ್ಲಿ ಕಿರುಚಿದಳು. ತುತ್ತೂರಿ ಗರಗರ ಎಂದಿತು. ಏನೋ ಮುಖ್ಯವಾದದ್ದನ್ನೇ ಹೇಳುತ್ತಿದ್ದಾಳೆ ಎಂದು ಹಿಂದಿನವರು ಇನ್ನೂ ಜೋರಾಗಿ ಮುಂದೆ ಬಂದರು. ಅವಳು ಕಿರುಚಿದಷ್ಟೂ ಬಂದರು. ಕಾವಲಿನವರ ಕಣ್ಣಿಗೆ ಕಂಡದ್ದು ಒಂದೇ, ಎಚ್ಚರಿಕೆ ಕೊಟ್ಟ ಮೇಲೂ ಗೆರೆ ದಾಟಿ ನುಗ್ಗುತ್ತಿರುವ ಜನ.

ಬಂದೂಕಿನ ಸದ್ದು ಕೇಳಲು ಯಾರೂ ಹತ್ತಿರ ಬರಬೇಕಾಗಲಿಲ್ಲ.

ಸಂಜೆ ಮನೆಗೆ ಬಂದ ತಮ್ಮ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತ ಕೂತ. ಕೈಯಲ್ಲಿ ಕೊಳೆ ಇರಲಿಲ್ಲ, ಆದರೂ ತೊಳೆಯುತ್ತಲೇ ಇದ್ದ. ಮೈಕಮ್ಮ ಬಾಗಿಲಲ್ಲಿ ನಿಂತಳು.

"ಎಲ್ಲರೂ ಹೊಡೆದ್ರು ಅಕ್ಕಾ. ನಾನೂ ಹೊಡೆದೆ. ಮುಂದೆ ಯಾರಿದ್ರು ಅಂತ ನೋಡ್ಲಿಲ್ಲ."

"ದೊಡ್ಡಮ್ಮ ಇದ್ಲು."

ಅವನು ಅವಳ ಕಡೆ ನೋಡಿದ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಅಳುತ್ತಿದ್ದ ಹಾಗೆ ಬಾಯಿ ತೆರೆದು ಅತ್ತ. ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಒಳಗೆ ಬಂದಳು. ಒಳಗೆ ಟಿವಿಯಲ್ಲಿ ಅದೇ ಕೋಟಿನವರು.

"ಎಚ್ಚರಿಕೆ ಕೊಟ್ಟೇ ಹೊಡೆದಿದ್ದಾರಂತೆ," ಅಂದ ಮಾವ. "ಕೊಟ್ಟ ಮೇಲೂ ನುಗ್ಗಿದ್ರೆ ಇನ್ನೇನು ಆರತಿ ಎತ್ತಬೇಕಿತ್ತಾ?"

"ಕೊಟ್ಟೋಳು ನಾನು!" ಎಂದು ಕೂಗಿದಳು ಮೈಕಮ್ಮ. "ನಿಮ್ಮ ಕಣ್ಣೆದುರಿಗೆ ನಿಂತಿದೀನಿ, ಅವರನ್ನ ಯಾಕೆ ಕೇಳ್ತೀರಾ? ನನ್ನನ್ನ ಕೇಳಿ! ಅವರು ನುಗ್ಗಲಿಲ್ಲ. ನಾನು ಕರೆದೆ ಅಂತ ಬಂದ್ರು!" ಟಿವಿಯ ತಂತಿಯನ್ನು ಗೋಡೆಯಿಂದ ಕಿತ್ತೆಸೆದಳು. ಮಾವನ ಬಾಯಿಗೆ ಆ ಮನೆಯಲ್ಲಿ ಮೊದಲ ಸಲ ಬೀಗ ಬಿತ್ತು.

ವಿಚಾರಣೆ ಪುರಸಭೆಯ ಹಳೆಯ ಕಟ್ಟಡದಲ್ಲಿ ನಡೆಯಿತು. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು, ನೆರೆತ ತಲೆಯ ನಿಧಾನಸ್ಥರು. ಅವರು ತಿಳಿಯಬೇಕಾಗಿದ್ದದ್ದು ಇಷ್ಟೇ. ಎಚ್ಚರಿಕೆ ಸ್ಪಷ್ಟವಾಗಿದ್ದರೆ ಕಾವಲಿನವರದ್ದು ತಪ್ಪಲ್ಲ, ಸತ್ತವರದ್ದೇ ತಪ್ಪು. ಇಲ್ಲದಿದ್ದರೆ ಗುಂಡು ಹೊಡೆದವರೂ ಹೊಡೆಸಿದವರೂ ಜೈಲಿಗೆ. ಹಿಂದಿನ ದಿನ ಕಮಾಂಡರ್ ಮೈಕಮ್ಮನನ್ನು ಕರೆಸಿ, ಮುಖ ನೋಡದೆ ಹೇಳಿದ್ದರು. "ಸ್ಪಷ್ಟವಾಗಿತ್ತು ಅಂತ ಒಂದೇ ಒಂದು ಮಾತು ಸಾಕಮ್ಮ. ನಿಮ್ಮ ತಮ್ಮನೂ ಇದರಲ್ಲಿ ಇದ್ದಾನೆ ಅನ್ನೋದು ಮರೀಬೇಡಿ."

ಅವಳು ಮರೆತಿರಲಿಲ್ಲ. ಸೊಂಟದ ಮೇಲೆ ಹೊತ್ತು ಸಾಕಿದವಳನ್ನೂ ಮರೆತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಟಕ್ ಟಕ್ ಎಂದರೆ ಆ ಜನ ಎದ್ದು ಬರುತ್ತಾರೆ, ಬರದಿದ್ದರೆ ಕೇಳಿಸುವುದಿಲ್ಲ, ತಾನು ಅದನ್ನು ಯೋಚಿಸಲಿಲ್ಲ ಎಂದಳು. ಆ ಹೊತ್ತಿಗೆ ಅಳು ಬತ್ತಿ ಸಿಟ್ಟೊಂದೇ ಉಳಿದಿತ್ತು.

ಸಲಹೆಗಾರ ಎದ್ದು ನಿಂತ. ಇಸ್ತ್ರಿಯ ಮಡಿಕೆ ಇವತ್ತೂ ಮುರಿದಿರಲಿಲ್ಲ. "ಸ್ವಾಮಿ, ಈಕೆಯ ಬಂಧುವೊಬ್ಬರು ಮೃತಪಟ್ಟಿದ್ದಾರೆ, ಹಾಗಾಗಿ ಮಾತು ಬದಲಿಸುತ್ತಿದ್ದಾರೆ. ಯಂತ್ರ ಸರಿಯಿದೆಯೆಂದು ಈಕೆಯೇ ನಮ್ಮೆದುರು ಹೇಳಿದ್ದರು. ಎಚ್ಚರಿಕೆಯ ಒಂದೊಂದು ಪದವೂ ಖಚಿತವಾಗಿದೆ. ಬೇಕಾದರೆ ತಾವೇ ಕೇಳಿ."

ಹಾಗೆಂದು ಗೇಟಿನ ಅದೇ ತುತ್ತೂರಿಯನ್ನು ತರಿಸಿ, ಅಂಗಳದ ತುದಿಯ ಬಾವುಟದ ಕಂಬಕ್ಕೆ ಕಟ್ಟಿಸಿದ. ಬೇಲಿಯಿಂದ ಗೆರೆಗೆ ಎಷ್ಟು ದೂರವಿತ್ತೋ ಅಷ್ಟೇ ದೂರದಲ್ಲಿ, ವರಾಂಡದ ಮೇಲೆ, ನ್ಯಾಯಾಧೀಶರ ಕುರ್ಚಿ. ಅವರ ಅಕ್ಕಪಕ್ಕ ಕಮಾಂಡರ್, ಸಲಹೆಗಾರ, ಬರೆದುಕೊಳ್ಳುವ ಗುಮಾಸ್ತ. ಕೊನೆಯ ಬೆಂಚಿನಲ್ಲಿ ತಮ್ಮ. ಮೈಕಮ್ಮನನ್ನು ಕಂಬದ ಪಕ್ಕದ ಕಾವಲುಗಾರನ ಗೂಡಿನಲ್ಲಿ ಮೈಕಿನ ಮುಂದೆ ಕೂರಿಸಿದರು. ಅದಕ್ಕೂ ಒಂದು ಗಾಜಿನ ಕಿಟಕಿ ಇತ್ತು.

"ಆವತ್ತು ಓದಿದ ಹಾಗೇ ಓದಮ್ಮ. ಹೆಚ್ಚೂ ಬೇಡ, ಕಮ್ಮಿಯೂ ಬೇಡ," ಎಂದರು ನ್ಯಾಯಾಧೀಶರು.

ಅವಳು ಟಕ್ ಟಕ್ ಎಂದು ತಟ್ಟಿದಳು. "ಎಲ್ಲರೂ ಕೇಳಿಸಿಕೊಳ್ಳಿ" ಅಂದಳು. ಆವತ್ತಿನ ದನಿಯಲ್ಲೇ ಓದತೊಡಗಿದಳು. "ಸಮಸ್ತ ಸಾರ್ವಜನಿಕರಿಗೂ ಈ ಮೂಲಕ..."

ಕಿಟಕಿಯಾಚೆ ನ್ಯಾಯಾಧೀಶರು ಹುಬ್ಬು ಗಂಟಿಕ್ಕಿದರು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಸುಮ್ಮನಿರು ಎಂದು ಗುಮಾಸ್ತನಿಗೆ ಸನ್ನೆ ಮಾಡಿದರು. ಆಮೇಲೆ ಎದ್ದು ನಿಂತು, ಕಿವಿಗೆ ಕೈಯಿಟ್ಟುಕೊಂಡು, ವರಾಂಡದ ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. ಅವರ ಹಿಂದೆ ಗುಮಾಸ್ತ ಬಂದ. ಅವನ ಹಿಂದೆ, ತಾನೇ ಬರೆದ ಮಾತನ್ನು ಕೇಳಿಸಿಕೊಳ್ಳಲು ಕತ್ತು ಉದ್ದ ಮಾಡಿಕೊಂಡು, ಸಲಹೆಗಾರನೂ ಬಂದ. ಕಮಾಂಡರ್ ಅರ್ಧ ಎದ್ದವರು ಅವರೆಲ್ಲರ ಬೆನ್ನು ನೋಡಿ ಹಾಗೇ ಕುಸಿದು ಕೂತರು. ಕೊನೆಯ ಬೆಂಚಿನಲ್ಲಿ ಅವಳ ತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಮೈಕಮ್ಮ ಓದುವುದನ್ನು ನಿಲ್ಲಿಸಿದಳು. ಹಾಳೆಯನ್ನು ಪಕ್ಕಕ್ಕಿಟ್ಟು, ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

"ಸ್ವಾಮಿ," ಅಂದಳು, "ನೀವು ಯಾಕೆ ಮುಂದೆ ಬಂದ್ರಿ?"

ತುತ್ತೂರಿ ಗರಗರ ಎಂದಿತು.

"ಏನು? ಏನಂದ್ರಿ ಅಮ್ಮ? ಸರಿಯಾಗಿ ಕೇಳಿಸ್ತಾ ಇಲ್ಲ," ಎಂದು ನ್ಯಾಯಾಧೀಶರು ಇನ್ನೂ ಒಂದು ಹೆಜ್ಜೆ ಮುಂದೆ ಬಂದರು.